ಉಜಿರೆಯಿಂದ ಕಂಡ ಜಿಲ್ಲೆ: ನೆಲ, ಆಡಳಿತ ಮತ್ತು ಜನ

ಒಂದು ಪ್ರದೇಶವನ್ನು ಅರಿಯಬೇಕಾದರೆ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಅದರ ನೆಲ ಹೇಗಿದೆ? ಅದನ್ನು ಯಾರು, ಎಲ್ಲಿಂದ ಆಳುತ್ತಾರೆ? ಅಲ್ಲಿ ಬದುಕುತ್ತಿರುವವರು ಯಾರು? ಶಾಲಾ ಪುಸ್ತಕಗಳಲ್ಲಿ ಇವು ಮೂರೂ ಒಣ ವಿವರಗಳಾಗಿ ಬರುತ್ತವೆ. ವಿಸ್ತೀರ್ಣ ಇಷ್ಟು, ತಾಲೂಕು ಇಷ್ಟು, ಜನಸಂಖ್ಯೆ ಇಷ್ಟು ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ನಾವು ಅದನ್ನು ಮರೆತು ಬಿಡುತ್ತೇವೆ. ಆದರೆ ಈ ಅಂಕಿಗಳ ಹಿಂದೆ ಒಂದು ಇತಿಹಾಸವಿದೆ. ಗಡಿಯನ್ನು ಯಾರೋ ಎಳೆದಿರುತ್ತಾರೆ, ಮತ್ತಾರೋ ಅಳಿಸಿರುತ್ತಾರೆ. ಜನರನ್ನು ಯಾರೋ ಎಣಿಸಿರುತ್ತಾರೆ, ಆ ಎಣಿಕೆಯಿಂದ ಮತ್ತಾರೋ ತಮಗೆ ಬೇಕಾದ ಅರ್ಥವನ್ನು ಹೊರಡಿಸುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ಕುರಿತು ಈ ಮಾತು ಹೆಚ್ಚು ನಿಜ.

ಈ ಜಿಲ್ಲೆಯನ್ನು ಸಾಮಾನ್ಯವಾಗಿ ಮಂಗಳೂರಿನಲ್ಲಿ ನಿಂತು ನೋಡುವುದು ವಾಡಿಕೆ. ಬಂದರು, ವಿಮಾನ ನಿಲ್ದಾಣ, ಜಿಲ್ಲಾಧಿಕಾರಿ ಕಚೇರಿ ಎಲ್ಲವೂ ಅಲ್ಲಿವೆ. ನಾವು ಇಲ್ಲಿ ಉಜಿರೆಯಲ್ಲಿ ನಿಂತು ನೋಡಲು ಪ್ರಯತ್ನಿಸೋಣ. ಉಜಿರೆ ಬೆಳ್ತಂಗಡಿ ತಾಲೂಕಿನ ಒಂದು ಗ್ರಾಮ. ಪಶ್ಚಿಮಕ್ಕೆ ಹೋದರೆ ಬೆಳ್ತಂಗಡಿ, ಬಂಟ್ವಾಳದ ಮೂಲಕ ಮಂಗಳೂರು. ಪೂರ್ವಕ್ಕೆ ಹೋದರೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ. ಇನ್ನೊಂದು ಕವಲು ಧರ್ಮಸ್ಥಳಕ್ಕೆ. ಕರಾವಳಿಗೂ ಮಲೆನಾಡಿಗೂ ನಡುವಿನ ಬಾಗಿಲಿನಂತಿರುವ ಊರು ಇದು. 1966ರಲ್ಲಿ ಇಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಆರಂಭವಾದ ಬಳಿಕ, 1982ರಲ್ಲಿ ಯುವಕರಿಗೆ ಸ್ವ ಉದ್ಯೋಗ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆ ಬಂದ ಬಳಿಕ, ರಸ್ತೆ ಕೂಡುವ ಈ ಜಾಗ ಶಿಕ್ಷಣದ ಕೇಂದ್ರವೂ ಆಯಿತು.

ನೆಲ ಮತ್ತು ನೀರು

ಇಂದಿನ ದಕ್ಷಿಣ ಕನ್ನಡ ಜಿಲ್ಲೆಯ ವಿಸ್ತೀರ್ಣ ಸುಮಾರು 4,560 ಚದರ ಕಿಲೋಮೀಟರು. ಪೂರ್ವದಲ್ಲಿ ಪಶ್ಚಿಮ ಘಟ್ಟ, ಪಶ್ಚಿಮದಲ್ಲಿ ಅರಬಿ ಸಮುದ್ರ, ನಡುವೆ ಗುಡ್ಡ, ಬಯಲು, ಕಣಿವೆಗಳು. ಬಯಲು ಸೀಮೆಯಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಸೇರಿದ ಹಳ್ಳಿಗಳಿಲ್ಲ. ಗದ್ದೆ ಇದ್ದಲ್ಲಿ ಮನೆ, ತೋಟ ಇದ್ದಲ್ಲಿ ಮನೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೋ ತೋಡೋ ಇರುತ್ತದೆ. ಹೀಗಾಗಿ ಇಲ್ಲಿ ಗ್ರಾಮವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ, ಕಡತದಲ್ಲಿ ಇರುವ ಗೆರೆ.

ಈ ನೆಲದ ನಿಜವಾದ ಹೆದ್ದಾರಿಗಳು ನದಿಗಳೇ ಆಗಿದ್ದವು. ನೇತ್ರಾವತಿ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ ಧರ್ಮಸ್ಥಳದ ಬಳಿ ಹರಿದು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಪಾಣೆಮಂಗಳೂರು, ಬಂಟ್ವಾಳ, ತುಂಬೆಯ ಮೂಲಕ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿ ಮುಂದೆ ಗುರುಪುರ ನದಿಯೆಂಬ ಹೆಸರು ಪಡೆದು ಅದೇ ಅಳಿವೆಗೆ ಬರುತ್ತದೆ. ಬೆಳ್ತಂಗಡಿಯ ಕಾಡಿನಲ್ಲಿ ಬಿದ್ದ ಮಳೆ ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ನಲ್ಲಿಗಳಲ್ಲಿ ಬರುತ್ತದೆ. ಘಟ್ಟದ ಬುಡದ ಮನುಷ್ಯನಿಗೂ ಕಡಲ ಬದಿಯ ಮನುಷ್ಯನಿಗೂ ಇದಕ್ಕಿಂತ ದೊಡ್ಡ ಸಂಬಂಧ ಬೇಕೇ?

ನದಿ ಕೊಡುವಂತೆ ಕಸಿಯುತ್ತದೆ ಕೂಡ. 1923ರ ನೆರೆಯನ್ನು ತುಳುವರು 'ಮಾರಿ ಬೊಳ್ಳ' ಎಂದು ಕರೆದರು. ಉಪ್ಪಿನಂಗಡಿ, ಪಾಣೆಮಂಗಳೂರು, ಬಂಟ್ವಾಳದ ಪೇಟೆಗಳು ಅದರಲ್ಲಿ ನಲುಗಿದವು. 1974ರಲ್ಲಿ ಮತ್ತೊಮ್ಮೆ ನೀರು ಏರಿತು. 2019ರ ಆಗಸ್ಟಿನಲ್ಲಿ ದಿಡುಪೆ, ಕುಕ್ಕಾವು, ಚಾರ್ಮಾಡಿ ಭಾಗದಲ್ಲಿ ಗುಡ್ಡ ಕುಸಿದು ಹೊಳೆ ಉಕ್ಕಿ ಮನೆ, ತೋಟ, ಸೇತುವೆಗಳು ಹಾಳಾದವು. ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿ ಹೋಯಿತು. ನೆರೆ ಬಂದಾಗ ಯಾವ ಮನೆ ಯಾರದೆಂದು ನೀರು ಕೇಳುವುದಿಲ್ಲ.

ಸೀಮೆ, ಮಾಗಣೆ, ತಾಲೂಕು

ಆಳುಪರ ಬಳಿಕ ವಿಜಯನಗರದ ಅರಸರು ಈ ಕರಾವಳಿಯನ್ನು ಬಾರಕೂರು ರಾಜ್ಯ ಮತ್ತು ಮಂಗಳೂರು ರಾಜ್ಯವೆಂದು ಎರಡಾಗಿ ಮಾಡಿ ಅಧಿಕಾರಿಗಳ ಮೂಲಕ ಆಳಿದರು. ಆದರೆ ಒಳನಾಡಿನಲ್ಲಿ ನಿಜವಾದ ಆಡಳಿತ ಸ್ಥಳೀಯ ಅರಸು ಮನೆತನಗಳ ಕೈಯಲ್ಲಿತ್ತು. ಬಂಗಾಡಿ, ನಂದಾವರಗಳಲ್ಲಿ ಬಂಗರು. ವೇಣೂರು, ಅಳದಂಗಡಿಯಲ್ಲಿ ಅಜಿಲರು. ಮೂಡಬಿದಿರೆ, ಪುತ್ತಿಗೆ, ಉಳ್ಳಾಲಗಳಲ್ಲಿ ಚೌಟರು. ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ಸೀಮೆಯ ಕೆಳಗೆ ಮಾಗಣೆ, ಮಾಗಣೆಯ ಕೆಳಗೆ ಗ್ರಾಮ, ಗ್ರಾಮದಲ್ಲಿ ಬೀಡು, ಗುತ್ತು. ಮೂಡಬಿದಿರೆಯ 1430ರ ಸಾವಿರ ಕಂಬದ ಬಸದಿ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ವೇಣೂರಿನ ಬಾಹುಬಲಿ ಇವೆಲ್ಲ ಆ ಕಾಲದ ಕುರುಹುಗಳು. ಅರಸರು ಜೈನರು, ಪ್ರಜೆಗಳಲ್ಲಿ ಹೆಚ್ಚಿನವರು ಭೂತಾರಾಧಕರು, ಬಂದರಿನ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಆಡಳಿತ ನಡೆಯಲು ಎಲ್ಲರೂ ಒಂದೇ ಧರ್ಮದವರಾಗಬೇಕೆಂದು ಆ ಅರಸರಿಗೆ ಅನಿಸಿದಂತಿಲ್ಲ.

ಕೆಳದಿಯ ನಾಯಕರ ಬಳಿಕ 1763ರಲ್ಲಿ ಈ ಪ್ರದೇಶ ಹೈದರಾಲಿಯ ಕೈಸೇರಿತು. ಬೆಳ್ತಂಗಡಿಯ ಸಮೀಪದ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನೂ ನಾವು ಮರೆಯಬಾರದು. ಅವರಲ್ಲಿ ಉಳಿದವರು 1799ರ ಬಳಿಕವೇ ಮರಳಿದರು. ಇತಿಹಾಸದಲ್ಲಿ ನಮಗೆ ಪ್ರಿಯವಾದ ಪುಟಗಳನ್ನಷ್ಟೇ ಓದಿದರೆ ಅದು ಇತಿಹಾಸವಾಗುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಕೆನರಾ ಬ್ರಿಟಿಷರ ವಶವಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪೆನಿ ಸರಕಾರದ ಅಪ್ಪಣೆಯಂತೆ ಮಂಗಳೂರಿನಿಂದ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆ ಮಾರ್ಗವಾಗಿ ಕಾರ್ಕಳಕ್ಕೆ ಹೋಗುತ್ತಾ ಬೆಳೆ, ಗೇಣಿ, ಜಾತಿ, ವ್ಯಾಪಾರಗಳ ವಿವರ ಬರೆದುಕೊಂಡ. ಹೊಸ ದೊರೆಗಳಿಗೆ ಗೊತ್ತಾಗಬೇಕಿದ್ದುದು ಈ ನೆಲದಿಂದ ಎಷ್ಟು ಕಂದಾಯ ಹುಟ್ಟುತ್ತದೆ ಎಂಬುದು.

ಕಂದಾಯವೇ 1837ರ ದಂಗೆಗೂ ಕಾರಣವಾಯಿತು. ಅಮರ ಸುಳ್ಯ ಮತ್ತು ಪುತ್ತೂರು ಭಾಗಗಳು ಕೊಡಗಿನ ರಾಜನಿಗೆ ಸೇರಿದ್ದವು. 1834ರಲ್ಲಿ ಕೊಡಗನ್ನು ಕಬಳಿಸಿದ ಕಂಪೆನಿ ಅವನ್ನು ಮತ್ತೆ ಕೆನರಾಕ್ಕೆ ಸೇರಿಸಿ ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿತು. ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದಾದರು. ದಂಡು ಬಂಟ್ವಾಳದ ಮೂಲಕ ಮಂಗಳೂರು ತಲಪಿ ಸುಮಾರು ಎರಡು ವಾರ ಕಾಲ ಊರನ್ನು ಹಿಡಿದಿಟ್ಟಿತು. ಬಳಿಕ ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಗಲ್ಲಿಗೇರಿಸಲಾಯಿತು. ಕಚೇರಿಯಲ್ಲಿ ಕುಳಿತವರು ಒಂದು ಗೆರೆಯನ್ನು ಅತ್ತಿತ್ತ ಸರಿಸಿದರೆ ರೈತನ ಅಂಗಳದಲ್ಲಿ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಸರಿಯುತ್ತಾ ಬಂದ ಗಡಿಗಳು

1862ರಲ್ಲಿ ಕೆನರಾ ಒಡೆಯಿತು. ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣದ ಭಾಗ ಮದರಾಸಿನಲ್ಲೇ ಉಳಿಯಿತು. 20ನೇ ಶತಮಾನದ ಆರಂಭದಲ್ಲಿ ಈ ದಕ್ಷಿಣ ಕೆನರಾದಲ್ಲಿ ಐದೇ ತಾಲೂಕುಗಳು: ಮಂಗಳೂರು, ಉಡುಪಿ, ಕುಂದಾಪುರ, ಉಪ್ಪಿನಂಗಡಿ ಮತ್ತು ಕಾಸರಗೋಡು. ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆ ಯಾವುದೂ ಆಗ ತಾಲೂಕು ಅಲ್ಲ. ಉಪ್ಪಿನಂಗಡಿ ತಾಲೂಕೆಂಬ ಹೆಸರು ಹೋಗಿ ಮುಂದೆ ಪುತ್ತೂರು ತಾಲೂಕು ಬಂತು.

ಇನ್ನೊಂದು ಸಂಗತಿ ಇಂದಿನ ಓದುಗರಿಗೆ ಅಚ್ಚರಿ ತರಬಹುದು. ಅರಬಿ ಸಮುದ್ರದ ನಡುವಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಕೂಡ ಇದೇ ಜಿಲ್ಲೆಗೆ ಸೇರಿದ್ದವು. ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಈ ಅಮಿನ್‌ದಿವಿ ದ್ವೀಪಗಳ ಮುಸ್ಲಿಮರು 18ನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಶ್ರಯ ಕೋರಿದರು. ಟಿಪ್ಪುವಿನ ಬಳಿಕ ದ್ವೀಪಗಳು ಬ್ರಿಟಿಷರ ಕೈಗೆ ಬಂದು ಮಂಗಳೂರಿನ ಕಲೆಕ್ಟರರ ಅಧೀನದಲ್ಲಿ ಉಳಿದವು. ತೆಂಗಿನ ನಾರು ಹೇರಿಕೊಂಡು ಬರುತ್ತಿದ್ದ ದ್ವೀಪದ ಓಡಗಳು ಅಕ್ಕಿ ಹೇರಿಕೊಂಡು ಮರಳುತ್ತಿದ್ದವು. ಅಂದರೆ ಕುದುರೆಮುಖದ ಬುಡದಿಂದ ಕಡಲ ನಡುವಿನ ಹವಳದ ದ್ವೀಪದವರೆಗೆ ಒಂದೇ ಜಿಲ್ಲೆ!

1956ರ ನವೆಂಬರ್ 1ರಂದು ಈ ನಕ್ಷೆ ಮೂರು ಹೋಳಾಯಿತು. ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಸೇರಿತು. ದ್ವೀಪಗಳು ಕೇಂದ್ರಾಡಳಿತ ಪ್ರದೇಶದ ಪಾಲಾದವು, 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಯಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥ ಕವಿಗಳು ಆ ನೋವನ್ನು ಬದುಕಿನ ಕೊನೆಯವರೆಗೂ ಹೊತ್ತರು.

1997ರ ಆಗಸ್ಟಿನಲ್ಲಿ ಉಡುಪಿ, ಕಾರ್ಕಳ, ಕುಂದಾಪುರ ತಾಲೂಕುಗಳು ಬೇರೆಯಾಗಿ ಉಡುಪಿ ಜಿಲ್ಲೆಯಾಯಿತು. ಅಲ್ಲಿಯ ತನಕ ಕಾರ್ಕಳ ತಾಲೂಕಿಗೆ ಸೇರಿದ್ದ ಮೂಡಬಿದಿರೆ ಆಗ ಮಂಗಳೂರು ತಾಲೂಕಿಗೆ ಬಂತು. ವಿಚಿತ್ರವೆಂದರೆ ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಮೂಡಬಿದಿರೆ ಮಂಗಳೂರು ತಾಲೂಕಿನ ಊರೇ ಆಗಿತ್ತು. ಕೊನೆಗೆ 2018ರ ಹೊತ್ತಿಗೆ ಮೂಡಬಿದಿರೆ ಸ್ವತಂತ್ರ ತಾಲೂಕು ಆಯಿತು. ಸಾವಿರ ಕಂಬದ ಬಸದಿ ನಿಂತಲ್ಲೇ ನಿಂತಿದೆ, ತಾಲೂಕುಗಳು ಅದರ ಸುತ್ತ ಓಡಾಡಿವೆ.

ಕಚೇರಿ ಎಷ್ಟು ದೂರ?

ಆಡಳಿತದ ಭೂಗೋಳವನ್ನು ಅಳೆಯಲು ಒಳ್ಳೆಯ ಅಳತೆಗೋಲೆಂದರೆ ಬಡವನೊಬ್ಬ ತನ್ನ ಕೆಲಸಕ್ಕಾಗಿ ಎಷ್ಟು ದೂರ ಹೋಗಬೇಕು ಎಂಬುದು. ಉಜಿರೆಯವನಿಗೆ ಪಂಚಾಯತು ಊರಿನಲ್ಲೇ ಇದೆ. ತಹಶೀಲ್ದಾರರ ಕಚೇರಿ ಬೆಳ್ತಂಗಡಿಯಲ್ಲಿ. ಸಹಾಯಕ ಕಮಿಷನರರ ಕಚೇರಿ ಪುತ್ತೂರಿನಲ್ಲಿ. ಜಿಲ್ಲಾಧಿಕಾರಿ ಮಂಗಳೂರಿನಲ್ಲಿ. ಜಮೀನಿನ ಒಂದು ತಕರಾರು ಮೇಲೇರಿದಂತೆ ಅವನು ಮೂರು ದಿಕ್ಕಿಗೆ ಬಸ್ಸು ಹಿಡಿಯಬೇಕು. ಪುತ್ತೂರನ್ನು ಜಿಲ್ಲೆ ಮಾಡಬೇಕೆಂಬ ಬೇಡಿಕೆ ಕೇಳಿಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ಕಠಿಣವಾದುದು ಎಳನೀರಿನವರ ಪಾಡು. ಎಳನೀರು ಘಟ್ಟದ ಮೇಲಿನ ಪ್ರದೇಶ. ಆದರೆ ಕಡತದಲ್ಲಿ ಅದು ಬೆಳ್ತಂಗಡಿ ತಾಲೂಕಿನ ಮಲವಂತಿಗೆ ಗ್ರಾಮಕ್ಕೆ ಸೇರಿದೆ. ಕೆಳಗಿನ ದಿಡುಪೆಗೆ ನೇರ ದಾರಿ ಹತ್ತಿರವಿದ್ದರೂ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಹಾಯುತ್ತದೆ. ಸರಿಯಾದ ರಸ್ತೆಯಿಲ್ಲದೆ ದಶಕಗಳ ಕಾಲ ಅಲ್ಲಿಯ ಜನ ಸಂಸೆ, ಕುದುರೆಮುಖ ಸುತ್ತಿ ಸುಮಾರು ನೂರು ಕಿಲೋಮೀಟರು ಕ್ರಮಿಸಿ ತಮ್ಮದೇ ತಾಲೂಕು ಕಚೇರಿಗೆ ಬರಬೇಕಾಗಿತ್ತು. ಒಂದು ಪಡಿತರ ಚೀಟಿಗೆ, ಒಂದು ಪಿಂಚಣಿಗೆ ಇಷ್ಟು ದೂರ! ಕಾಡಿನೊಳಗಿನ ಮಲೆಕುಡಿಯರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಾಗ ಅವರು ತಲೆಮಾರುಗಳಿಂದ ಬದುಕಿದ ನೆಲದಲ್ಲೇ ಅತಿಕ್ರಮಣಕಾರರಂತೆ ಕಾಣತೊಡಗಿದರು. 2006ರ ಅರಣ್ಯ ಹಕ್ಕು ಕಾಯಿದೆ ಬಂದ ಬಳಿಕವೇ ಅವರ ಹಕ್ಕಿಗೆ ಕಾನೂನಿನ ಒಂದು ಆಧಾರ ಸಿಕ್ಕಿತು.

ಆಡಳಿತ ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೂ ಇಲ್ಲಿ ಉದಾಹರಣೆಯಿದೆ. ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಜಿಲ್ಲೆಯ ಮುಖವನ್ನೇ ಬದಲಿಸಿತು. ಚಾಲಗೇಣಿಯಲ್ಲಿ ವರ್ಷ ವರ್ಷವೂ ಒಕ್ಕಲೆಬ್ಬಿಸುವ ಭಯದಲ್ಲಿದ್ದ ಬಿಲ್ಲವ, ಮೊಗೇರ, ಗೌಡ, ಬ್ಯಾರಿ, ಕ್ರೈಸ್ತ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಅವರ ಮಕ್ಕಳು ಶಾಲೆಗೆ ಹೋದರು. ಉಜಿರೆ, ಮೂಡಬಿದಿರೆಗಳ ಕಾಲೇಜುಗಳು ತುಂಬಿದ್ದರ ಹಿಂದೆ ಈ ಕಾಯಿದೆಯ ಪಾಲು ದೊಡ್ಡದು.

ಯಾರು ಈ ಜನ?

ಇಬ್ನ್ ಬತೂತ 14ನೇ ಶತಮಾನದ ಮಧ್ಯಭಾಗದಲ್ಲಿ ಮಂಗಳೂರಿಗೆ ಬಂದಾಗ ಊರಿನ ಬದಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ವಾಸಿಸುತ್ತಿದ್ದರೆಂದು ಬರೆದಿದ್ದಾನೆ. ಅಲ್ಲಿಂದ ನದಿಯನ್ನು ಹಿಡಿದು ಬ್ಯಾರಿಗಳು ಒಳನಾಡಿಗೆ ಬಂದರು. ಉಪ್ಪು, ಒಣಮೀನು ಮೇಲಕ್ಕೆ, ಅಕ್ಕಿ, ಅಡಿಕೆ, ಮೆಣಸು ಕೆಳಕ್ಕೆ. ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿಯ ಪೇಟೆಗಳು ಬೆಳೆದದ್ದೇ ಈ ವ್ಯಾಪಾರದಿಂದ. ಕುದುರೆಮುಖದ ತಪ್ಪಲಿನ ಕಾಜೂರು ದರ್ಗಾದ ಉರೂಸಿಗೆ ಇಂದಿಗೂ ಎಲ್ಲ ಧರ್ಮದವರು ಬರುತ್ತಾರೆ.

ಬಂದವರು ಬ್ಯಾರಿಗಳು ಮಾತ್ರವಲ್ಲ. ಉಜಿರೆಯ ನೆರೆಯ ಮುಂಡಾಜೆಯಲ್ಲಿ ಮರಾಠಿಯ ಒಂದು ರೂಪವನ್ನು ಮನೆಯಲ್ಲಿ ಆಡುವ ಚಿತ್ಪಾವನ ಬ್ರಾಹ್ಮಣರಿದ್ದಾರೆ. ತೋಟತ್ತಾಡಿಯ ಕಡೆ ಹೋದರೆ ತಿರುವಾಂಕೂರಿನಿಂದ ಬಂದು ಗುಡ್ಡ ಕಡಿದು ರಬ್ಬರ್ ಬೆಳೆಸಿದ ಕ್ರೈಸ್ತರು ಸಿಗುತ್ತಾರೆ. ಇವರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತವೂ ಸ್ಥಾಪನೆಯಾಯಿತು. ಕೊಂಕಣಿ ಮಾತಾಡುವ ಸಾರಸ್ವತರು, ಕೆಥೊಲಿಕರು, ಹವ್ಯಕರು, ಅರೆಭಾಷೆಯ ಗೌಡರು, ಉರ್ದು ಮಾತಾಡುವವರು ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಕಂಡಕ್ಟರರೊಂದಿಗೆ ಎಲ್ಲರೂ ತುಳುವಿನಲ್ಲಿ ಮಾತಾಡುತ್ತಾರೆ, ಅರ್ಜಿಯನ್ನು ಕನ್ನಡದಲ್ಲಿ ಬರೆಯುತ್ತಾರೆ.

ಜಗತ್ತಿನ ಬೇರೆಡೆಯೂ ಇಂಥ ನೆಲಗಳಿವೆ. ರಷ್ಯಾದ ದಕ್ಷಿಣ ತುದಿಯಲ್ಲಿ ಕಾಕಸಸ್ ಪರ್ವತಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ದಾಗೆಸ್ತಾನ್ ಗಣರಾಜ್ಯವಿದೆ. ವಿಸ್ತೀರ್ಣ ಸುಮಾರು 50 ಸಾವಿರ ಚದರ ಕಿಲೋಮೀಟರು, ಜನಸಂಖ್ಯೆ 31 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಮುಸ್ಲಿಮರು, ಆದರೆ ಭಾಷೆಗಳು ಮೂವತ್ತಕ್ಕೂ ಮಿಕ್ಕಿ. ಒಂದು ಕಣಿವೆಯವರ ಮಾತು ಇನ್ನೊಂದು ಕಣಿವೆಯವರಿಗೆ ತಿಳಿಯದು. ಹೊರಗೆ ರಷ್ಯನ್, ಮನೆಯೊಳಗೆ ತಾಯ್ನುಡಿ. ರಸೂಲ್ ಗಂಜಾತೊವ್ ಎಂಬ ಮಹಾಕವಿ ಬರೆದದ್ದು ಕೆಲವು ಲಕ್ಷ ಜನರಷ್ಟೇ ಆಡುವ ಅವಾರ್ ಭಾಷೆಯಲ್ಲಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸಮೂರ್ ನದಿಯ ಈಚೆ ಆಚೆ ಬದುಕಿದ್ದ ಲೆಜ್ಗಿ ಜನ ರಷ್ಯಾ ಮತ್ತು ಅಜರ್ಬೈಜಾನ್ ಎಂಬ ಎರಡು ದೇಶಗಳವರಾದರು. ಚಂದ್ರಗಿರಿ ಹೊಳೆಯನ್ನು ಬಲ್ಲ ನಮಗೆ ಸಮೂರ್ ನದಿಯ ಕಥೆ ತಿಳಿಯಲು ಕಷ್ಟವಿಲ್ಲ.

ಅಂಕಿಗಳು ಹೇಳುವುದು, ಹೇಳದಿರುವುದು

1901ರ ಜನಗಣತಿಯಲ್ಲಿ ದಕ್ಷಿಣ ಕೆನರಾದ ಜನಸಂಖ್ಯೆ 11,34,713. ಅದರಲ್ಲಿ ಹಿಂದೂಗಳು 9,14,163, ಮುಸ್ಲಿಮರು 1,26,853, ಕ್ರೈಸ್ತರು 84,103, ಜೈನರು 9,582. ಅಂದರೆ ಮುಸ್ಲಿಮರು ಶೇ. 11ರಷ್ಟು. 2011ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20,89,649. ಮುಸ್ಲಿಮರು ಶೇ. 24ರಷ್ಟು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು 'ನೋಡಿ, ಎರಡು ಪಟ್ಟಿಗಿಂತ ಹೆಚ್ಚಾಗಿದ್ದಾರೆ' ಎಂದು ಭಾಷಣ ಮಾಡುವುದು ಸುಲಭ. ಆದರೆ ಇದು ಒಂದೇ ಜಿಲ್ಲೆಯ ಎರಡು ಅಂಕಿಗಳಲ್ಲ. 1901ರ ಜಿಲ್ಲೆಯಲ್ಲಿ ಕುಂದಾಪುರ, ಉಡುಪಿ, ಕಾಸರಗೋಡು ಮತ್ತು ದ್ವೀಪಗಳಿದ್ದವು. 2011ರ ಜಿಲ್ಲೆಯಲ್ಲಿ ಇವು ಯಾವುವೂ ಇಲ್ಲ. ಉಡುಪಿ ಜಿಲ್ಲೆಯಲ್ಲಿ 2011ರಲ್ಲಿ ಮುಸ್ಲಿಮರ ಪ್ರಮಾಣ ಶೇ. 8ರಷ್ಟು ಮಾತ್ರ. ಉಡುಪಿಯನ್ನು ಮತ್ತೆ ಸೇರಿಸಿ ಲೆಕ್ಕ ಹಾಕಿದರೆ ಎರಡೂ ಜಿಲ್ಲೆಗಳಲ್ಲಿ ಒಟ್ಟಾಗಿ ಮುಸ್ಲಿಮರು ಶೇ. 18ರಷ್ಟಾಗುತ್ತಾರೆ. ಹೀಗೆ 24ಕ್ಕೂ 18ಕ್ಕೂ ನಡುವಿನ ಅಂತರದಲ್ಲಿ ಒಂದೇ ಒಂದು ಮಗು ಹುಟ್ಟಿಲ್ಲ. ಅದು ಬರೇ 1997ರಲ್ಲಿ ಎಳೆದ ಗೆರೆಯ ಫಲ.

ಹಾಗೆಂದು ಪ್ರಮಾಣ ಏರಿಲ್ಲವೆಂದು ನಾವು ವಾದಿಸುತ್ತಿಲ್ಲ. ಬಡತನ, ಅನಕ್ಷರತೆ ಹೆಚ್ಚಿದ್ದಲ್ಲಿ ಕುಟುಂಬಗಳು ದೊಡ್ಡದಾಗಿರುವುದು ಎಲ್ಲ ದೇಶಗಳ ಅನುಭವ. ಹೆಣ್ಣು ಮಕ್ಕಳು ಓದಿದಂತೆ ಅದು ಬದಲಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದ ಮುಸ್ಲಿಮ್ ಮಹಿಳೆಯರ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 4.4 ಇದ್ದುದು 2019-21ರಲ್ಲಿ 2.36ಕ್ಕೆ ಇಳಿದಿದೆ. ನಮ್ಮ ಜಿಲ್ಲೆಯ ಒಟ್ಟು ಜನಸಂಖ್ಯೆ 2001ರಿಂದ 2011ರ ತನಕ ಬೆಳೆದದ್ದು ಶೇ. 10ರಷ್ಟು, ರಾಜ್ಯದ ಬೆಳವಣಿಗೆ ಶೇ. 15.6. ಜನ ತುಂಬಿ ಉಕ್ಕುತ್ತಿರುವ ಜಿಲ್ಲೆ ಇದಲ್ಲ, ಜನರನ್ನು ಹೊರಗೆ ಕಳುಹಿಸುವ ಜಿಲ್ಲೆ. ಸಾವಿರ ಪುರುಷರಿಗೆ 1,020 ಮಹಿಳೆಯರಿರುವುದರ ಹಿಂದೆ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಗಂಡಸರ ನೆರಳೂ ಇದೆ.

ಅಂಕಿಗಳನ್ನು ಬೇರೆ ರೀತಿಯಲ್ಲೂ ಓದಬಹುದು. ವಿಸ್ತೀರ್ಣದಲ್ಲಿ ಬೆಳ್ತಂಗಡಿ ಸುಮಾರು 1,375 ಚದರ ಕಿಲೋಮೀಟರಿನ ದೊಡ್ಡ ತಾಲೂಕು. 2011ರಲ್ಲಿ ಅಲ್ಲಿದ್ದವರು ಸುಮಾರು 2 ಲಕ್ಷ 66 ಸಾವಿರ ಜನ. ಅದರ ಅರ್ಧದಷ್ಟೇ ಇರುವ ಬಂಟ್ವಾಳದಲ್ಲಿ ಸುಮಾರು 3 ಲಕ್ಷ 95 ಸಾವಿರ. ಅಂದರೆ ಬಂಟ್ವಾಳದಲ್ಲಿ ಒಂದು ಚದರ ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಮಂದಿ, ಬೆಳ್ತಂಗಡಿಯಲ್ಲಿ ಇನ್ನೂರಕ್ಕೂ ಕಡಿಮೆ. ತಲೆ ಎಣಿಸಿ ಅನುದಾನ ಹಂಚಿದರೆ ಚದುರಿ ಬದುಕುವ ಬೆಳ್ತಂಗಡಿಗೆ ನಷ್ಟ. ಕಾಲು ಸಂಕ, ಶಾಲೆ, ಆಸ್ಪತ್ರೆ ಇಲ್ಲಿ ಕಡಿಮೆ ಜನರಿಗಾಗಿ ಹೆಚ್ಚು ದೂರ ಹೋಗಬೇಕು. ಜನಗಣತಿಯಿಂದ ನಾವು ಕೇಳಬೇಕಾದ ಪ್ರಶ್ನೆ ಇದು. ಯಾವ ಮನೆಯಿಂದ ಆಸ್ಪತ್ರೆ ಎಷ್ಟು ದೂರ? ಯಾವ ಊರಿನ ಹುಡುಗಿ ಹತ್ತನೆಯ ಬಳಿಕ ಶಾಲೆ ಬಿಟ್ಟಳು?

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಸರಕಾರ ಅದನ್ನು 2027ಕ್ಕೆ ನಿಗದಿಪಡಿಸಿದೆ. ಹೊಸ ಅಂಕಿಗಳು ಬಂದಾಗ ಹಳೆಯ ಭಾಷಣಗಳೂ ಮತ್ತೆ ಬರಲಿವೆ. ಆಗ ಅಂಕಿಯ ಜೊತೆಗೆ ಗಡಿಯನ್ನೂ ನೋಡುವ ಅಭ್ಯಾಸ ನಮಗಿರಬೇಕು. ಈ ನೆಲ ಮಂಗಳೂರು ರಾಜ್ಯವಾಗಿತ್ತು, ಕೆನರಾ ಆಗಿತ್ತು, ದಕ್ಷಿಣ ಕೆನರಾ ಆಗಿತ್ತು, ದಕ್ಷಿಣ ಕನ್ನಡವಾಯಿತು. ನಾಳೆ ಇದಕ್ಕೆ ಬೇರೆ ಹೆಸರು ಬರಬಹುದು, ಪುತ್ತೂರು ಜಿಲ್ಲೆಯೂ ಆಗಬಹುದು. ಮದರಾಸಿನಿಂದ ಆಳಿದವರು ಹೋದರು, ಬೆಂಗಳೂರಿನಿಂದ ಆಳುವವರು ಬಂದರು. ಗೆರೆಗಳು ಬದಲಾದಾಗಲೆಲ್ಲ ಕೆಲವರು ಬಹುಸಂಖ್ಯಾತರಾದರು, ಕೆಲವರು ಅಲ್ಪಸಂಖ್ಯಾತರಾದರು. ಆದರೆ ಯಾರೂ ತಮ್ಮ ಅಂಗಳದಿಂದ ಒಂದು ಹೆಜ್ಜೆ ಸರಿದಿರಲಿಲ್ಲ. ಈ ಮಾತನ್ನು ನೆನಪಿಟ್ಟರೆ ನೆರೆಮನೆಯವನನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕುವ ಬದಲು ಅವನ ಮನೆಯ ಜಗಲಿಯಲ್ಲೇ ಕಾಣುವುದು ನಮಗೆ ಸಾಧ್ಯವಾದೀತು.